ಬ್ಯಾಟರಿ ಹೊಸದೇ, ಹಳತೇ?

ಪ್ರಶ್ನೆ: ಕಾರಿಗೆ 35 ಎಎಚ್ (ಆಂಪಿಯರ್-ಅವರ್, ಸಾಮರ್ಥ್ಯದ ಅಳತೆ) ಬ್ಯಾಟರಿ ಬೇಕು. ಅಂಗಡಿಯವರು ತೋರಿಸಿದ್ದು ತಯಾರಾಗಿ ಏಳು ತಿಂಗಳಾದದ್ದು. ‘ಸೀಲ್ಡ್ ಪೀಸ್ ಸಾರ್, ಏನೂ ಆಗಲ್ಲ’ ಅನ್ನುತ್ತಾರೆ. ಕೊಳ್ಳಬಹುದೇ?
– ಓದುಗರು, ತುಮಕೂರು

ಉತ್ತರ: ಬೇರೆಯದನ್ನು ಕೇಳಿ. ಬಳಸದೆ ಇಟ್ಟರೂ ಕಾರಿನ ಲೆಡ್-ಆಸಿಡ್ (ಸೀಸ-ಆಮ್ಲದ) ಬ್ಯಾಟರಿ ತಾನಾಗಿ ಚಾರ್ಜ್ ಕಳೆದುಕೊಳ್ಳುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗದು. ಮೂರು ತಿಂಗಳೊಳಗಿನದು ಉತ್ತಮ. ಆರು ದಾಟಿದ್ದು, ನಡುವೆ ಚಾರ್ಜ್ ಮಾಡಿರದಿದ್ದರೆ, ಬೇಡ.

ತಯಾರಿಕೆಯ ತಿಂಗಳು-ವರ್ಷ ಸಂಕೇತದಲ್ಲಿರುತ್ತದೆ, ಕಂಪನಿಗೊಂದು ರೀತಿ. ಅದನ್ನು ಅಂಗಡಿಯವರಿಂದಲೇ ಬಿಡಿಸಿ ಓದಿಸಿ. ಜೊತೆಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಸಿ: 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಸರಿ, 12.4ಕ್ಕಿಂತ ಕಡಿಮೆಯಿದ್ದರೆ ವಾಪಸ್ ಕೊಡಿ. ಆಗಷ್ಟೇ ಚಾರ್ಜರ್‌ನಿಂದ ತೆಗೆದ ಬ್ಯಾಟರಿಯ ರೀಡಿಂಗ್ ನಂಬಬೇಡಿ, ಕೆಲವು ಗಂಟೆ ಬಿಟ್ಟು ನೋಡಬೇಕು.

ಪ್ಲಸ್, ಮೈನಸ್ ಟರ್ಮಿನಲ್‌ಗಳ ಎಡ-ಬಲ ಹಳೆಯದರಂತೆಯೇ ಇರಲಿ; ಅದಲುಬದಲಾದರೆ ಕೇಬಲ್ ಎಟುಕದು. ವಾರಂಟಿ ಕಾರ್ಡಿನಲ್ಲಿ ಮಾರಾಟದ ದಿನಾಂಕ, ಸೀಲು ಎರಡೂ ಬೇಕು. ಹಳೆ ಬ್ಯಾಟರಿಯನ್ನು ಬಿಟ್ಟಿ ಕೊಟ್ಟುಬಿಡಬೇಡಿ, ಸೀಸಕ್ಕೆ ಬೆಲೆಯಿದೆ. ಬಿಲ್ಲಿನಲ್ಲಿ ಕಳೆಯಲು ಹೇಳಿ.