ಓಪನ್ ಜಿ ಮಾಡಿದರೆ ತಂತಿ ತುಂಡಾಗುತ್ತಾ?

ಪ್ರಶ್ನೆ: ಗಿಟಾರನ್ನು ಓಪನ್ ಜಿ ಎಂಬ ಬೇರೆ ಶ್ರುತಿಗೆ ಟ್ಯೂನ್ ಮಾಡಿದರೆ ತಂತಿ ತುಂಡಾಗುತ್ತಾ? ಕಲಿತ ಕಾರ್ಡ್‌ಗಳೆಲ್ಲ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ದಂಡವಾ?

ಉತ್ತರ: ತುಂಡಾಗುವುದಿಲ್ಲ, ಯಾಕಂದ್ರೆ ಇಲ್ಲಿ ಯಾವ ತಂತಿಯನ್ನೂ ಬಿಗಿ ಮಾಡುವುದಿಲ್ಲ, 6ನೇ ಮತ್ತು 1ನೇ ತಂತಿಗಳನ್ನು ಇ ಸ್ವರದಿಂದ ಡಿಗೆ, 5ನೇದನ್ನು ಎ ಇಂದ ಜಿಗೆ ಸಡಿಲಿಸುತ್ತೇವೆ, ಅಷ್ಟೇ. ಈಗ ಎಡಗೈ ಮುಟ್ಟಿಸದೆ ಮೀಟಿದರೂ ಜಿ ಮೇಜರ್ ಕಾರ್ಡ್! 5ನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಒಂದೇ ಬೆರಳು ಅಡ್ಡ ಇಟ್ಟರೆ ಸಿ, 7ರಲ್ಲಿ ಡಿ. ಸ್ಲೈಡ್ (ತಂತಿ ಮೇಲೆ ಕೊಳವೆ ಜಾರಿಸಿ) ನುಡಿಸುವವರಿಗೆ ಹಬ್ಬ. ಮೈನರ್ ಕಾರ್ಡ್ ಮಾತ್ರ ಸ್ವಲ್ಪ ತಲೆನೋವು. ಹಳೇ ಕಾರ್ಡ್‌ಗಳ ಬೆರಳಿನ ಜಾಗ ಬದಲಾಗುತ್ತದೆ, ನಿಜ, ಆದರೆ ನಡುವಿನ ಮೂರು ತಂತಿ ಮೊದಲಿನಂತೆಯೇ ಇರುತ್ತವಲ್ವಾ? ರೋಲಿಂಗ್ ಸ್ಟೋನ್ಸ್ ರಾಕ್ ಬ್ಯಾಂಡ್‌ನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅಂತೂ 6ನೇ ತಂತಿಯನ್ನೇ ತೆಗೆದು ಐದರಲ್ಲೇ ನುಡಿಸುತ್ತಾರೆ. ಆಗ ತಳದಲ್ಲಿ ಜಿ ಸ್ವರವೇ ಸಿಗುತ್ತದೆ.