ಹಾಸನದಿಂದ ಮೂರು ರಾತ್ರಿ ಕರಾವಳಿ ಪ್ರವಾಸ: ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ ಎಲ್ಲಾ ಆಗುತ್ತಾ?

ನೀವು ಕೇಳಿದ್ದು ಇಷ್ಟು: ಹಾಸನದಿಂದ ಹೊರಡುವವರು ಆರು ಜನ. ಎಪ್ಪತ್ತರ ಆಸುಪಾಸಿನ ಅಪ್ಪ-ಅಮ್ಮ (ಸಸ್ಯಾಹಾರಿಗಳು, ಅಮ್ಮನಿಗೆ ಮಂಡಿನೋವು), ನೀವಿಬ್ಬರು, ಆರು ಮತ್ತು ಹತ್ತು ವರ್ಷದ ಮಕ್ಕಳು. ಜನವರಿ ಮೂರನೇ ವಾರ, ಮೂರು ರಾತ್ರಿ. ನಾಲ್ಕೂ ಊರು ನೋಡಬೇಕು. ಕಾರೋ ರೈಲೋ, ಎಲ್ಲಿ ಉಳಿಯುವುದು?

ನಾಲ್ಕೂ ಆಗಲ್ಲ. ಮೊದಲು ಗೋಕರ್ಣ ಬಿಡಿ. ಉಡುಪಿಯಿಂದ ಅದು ಸುಮಾರು 175 ಕಿ.ಮೀ., ಅಲ್ಲಿಂದ ಹಾಸನಕ್ಕೆ ವಾಪಸ್ ಬರುವುದೇ ಒಂದು ಇಡೀ ದಿನದ ಕೆಲಸ. ಅಲ್ಲದೆ ಗೋಕರ್ಣದ ಚೆಂದದ ಬೀಚ್‌ಗಳೆಲ್ಲ ಗುಡ್ಡದ ಕೆಳಗಿವೆ. ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು, ಬಿಸಿಲಲ್ಲಿ ಅದೇ ಮೆಟ್ಟಿಲು ಹತ್ತಬೇಕು. ನಿಮ್ಮ ಅಮ್ಮನ ಮಂಡಿಗೆ ಅದು ಬೇಡ. ಅದನ್ನು ಶಿರಸಿ-ಯಾಣದ ಜೊತೆ ಇನ್ನೊಂದು ಸಲ ಇಟ್ಟುಕೊಳ್ಳಿ. ಮಂಗಳೂರು ನಗರವನ್ನೂ ಈ ಸಲ ಬಿಡಬಹುದು, ಟ್ರಾಫಿಕ್ ನೋಡಲು ಹಾಸನದಿಂದ ಅಷ್ಟು ದೂರ ಹೋಗಬೇಕಿಲ್ಲ. ಉಡುಪಿ ಸುತ್ತ ಒಂದೇ ಕಡೆ ಮೂರು ರಾತ್ರಿ ರೂಂ ಮಾಡಿ, ಅಲ್ಲಿಂದಲೇ ಓಡಾಡಿ. ಆರು ಜನರ ಬಟ್ಟೆ, ಒದ್ದೆ ಟವೆಲ್, ಮರಳು ತುಂಬಿದ ಚಪ್ಪಲಿ ಎಲ್ಲ ದಿನಾ ಬೆಳಿಗ್ಗೆ ಪ್ಯಾಕ್ ಮಾಡಿ ರೂಂ ಬದಲಿಸುತ್ತಾ ಹೋದರೆ ಸಮುದ್ರಕ್ಕಿಂತ ಡಿಕ್ಕಿಯನ್ನೇ ಹೆಚ್ಚು ನೋಡಿರುತ್ತೀರಿ.

ದಿನಾಂಕ ಗೊತ್ತು ಮಾಡುವ ಮುಂಚೆ ಒಂದು ವಿಷಯ. ಉಡುಪಿ ಕೃಷ್ಣಮಠದಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಪ್ತೋತ್ಸವ ಇರುತ್ತದೆ. ಸಮ ಸಂಖ್ಯೆಯ ವರ್ಷಗಳಲ್ಲಿ (2024, 2026, 2028 ಹೀಗೆ) ಜನವರಿ 18ರ ಬೆಳಗಿನ ಜಾವ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ. ಆ ವರ್ಷಗಳಲ್ಲಿ 16ರಿಂದ 19ರವರೆಗೆ ಊರಲ್ಲಿ ರೂಂ ಸಿಗುವುದು ಕಷ್ಟ, ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಪರ್ಯಾಯವನ್ನೇ ನೋಡಬೇಕು ಅಂತಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಒಂದು ವಾರ ಮುಂದಕ್ಕೆ ಹಾಕಿ, ಆದರೆ 26ರ ರಜಕ್ಕೆ ಅಂಟಿಕೊಂಡ ವಾರಾಂತ್ಯ ಬೇಡ. ಭಾನುವಾರ ಹೊರಟು ಬುಧವಾರ ವಾಪಸಾದರೆ ಬೀಚೂ ಖಾಲಿ, ರೂಂ ಬಾಡಿಗೆಯೂ ಕಡಿಮೆ.

ರೈಲೋ ಕಾರೋ ಅಂದರೆ, ನಿಮ್ಮ ಗುಂಪಿಗೆ ಕಾರು. ಹಾಸನದಿಂದ ಉಡುಪಿ ಕಡೆಗೆ ಅನುಕೂಲಕ್ಕೆ ಬರುವುದು ರಾತ್ರಿ ರೈಲು. ಅದು ಉಡುಪಿಯಲ್ಲಿ ಇಳಿಸುವುದು ಬೆಳಗಿನ ಜಾವದ ಕತ್ತಲಲ್ಲಿ, ರೂಂ ಚೆಕ್-ಇನ್ ಮಧ್ಯಾಹ್ನ. ಸ್ಟೇಷನ್ ಇರುವುದೂ ಪೇಟೆಯಲ್ಲಲ್ಲ, ಇಂದ್ರಾಳಿಯಲ್ಲಿ. ನಡುವಿನ ಆರೇಳು ಗಂಟೆ ಮಕ್ಕಳನ್ನೂ ಹಿರಿಯರನ್ನೂ ಎಲ್ಲಿ ಕೂರಿಸುತ್ತೀರಿ? ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಸುರಂಗ, ಸೇತುವೆಗಳೂ ರಾತ್ರಿ ಕಾಣುವುದಿಲ್ಲ. ಆದರೂ ರೈಲೇ ಬೇಕು ಅಂದರೆ 60 ದಿನ ಮುಂಚೆ ಬುಕಿಂಗ್ ತೆರೆದ ದಿನವೇ ಮಾಡಿಸಿ, ಆದರೆ ಆರೂ ಜನರದ್ದು ಒಂದೇ ಟಿಕೆಟ್ ಬೇಡ. ಹಿರಿಯ ನಾಗರಿಕರ ಲೋವರ್ ಬರ್ತ್ ಕೋಟಾ ಸಿಗುವುದು ಟಿಕೆಟ್‌ನಲ್ಲಿ ಹಿರಿಯರು ಮಾತ್ರ, ಒಬ್ಬರೋ ಇಬ್ಬರೋ ಇದ್ದಾಗ. ಮಕ್ಕಳ ಜೊತೆ ಸೇರಿಸಿದರೆ ಆ ಕೋಟಾ ಹೋಯಿತು, ಅಮ್ಮನಿಗೆ ಅಪ್ಪರ್ ಬರ್ತ್ ಬಂದರೂ ಬಂತು. ಅಪ್ಪ-ಅಮ್ಮನದು ಒಂದು ಟಿಕೆಟ್, ನಿಮ್ಮ ನಾಲ್ವರದ್ದು ಇನ್ನೊಂದು.

ಕಾರು ಏಳು ಸೀಟಿನದೇ ಆಗಬೇಕು. ಮೂರನೇ ಸಾಲು ಎತ್ತಿದ ಮೇಲೆ ಹಿಂದೆ ಉಳಿಯುವ ಜಾಗ ಎರಡು ಸಣ್ಣ ಬ್ಯಾಗಿಗೆ ಸಾಕು, ಅಷ್ಟೇ. ಸೂಟ್‌ಕೇಸ್ ಬದಲು ಮೆತ್ತನೆಯ ಬ್ಯಾಗ್ ತನ್ನಿ, ಸೀಟಿನ ಸಂದಿಗೂ ತುರುಕಬಹುದು. ಮಕ್ಕಳನ್ನು ಹಿಂದಿನ ಸಾಲಿಗೆ ಹಾಕುವುದು ಎಲ್ಲರೂ ಮಾಡುವ ಕೆಲಸ, ಘಾಟಿಯಲ್ಲಿ ವಾಂತಿ ಶುರುವಾಗುವುದೂ ಅಲ್ಲಿಂದಲೇ. ಹಿಂದಿನ ಚಕ್ರದ ಮೇಲೆ ಕೂತವರಿಗೆ ಓಲಾಟ ಹೆಚ್ಚು, ಹೊರಗೆ ದೂರಕ್ಕೆ ದೃಷ್ಟಿಯೂ ಹರಿಯುವುದಿಲ್ಲ. ಮಕ್ಕಳು ನಡುವಿನ ಸಾಲು, ಮೊಬೈಲ್ ಕೈಗೆ ಬೇಡ. ಸಕಲೇಶಪುರದಲ್ಲಿ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಕೆಟ್ಟದ್ದು, ಮಸಾಲೆ ದೋಸೆ ಅದಕ್ಕಿಂತ ಕೆಟ್ಟದ್ದು. ವಾಂತಿ ಮಾತ್ರೆ ಕೊಡುವುದಾದರೆ ಘಾಟಿ ಇಳಿಯುವ ಅರ್ಧ-ಮುಕ್ಕಾಲು ಗಂಟೆ ಮುಂಚೆಯೇ ಕೊಡಬೇಕು, ತಿರುವು ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಡೋಸ್ ಎಷ್ಟು ಅಂತ ಮಕ್ಕಳ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ದಾರಿ ಶಿರಾಡಿ ಘಾಟಿಯೇ: ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ.ರೋಡ್. ಉಡುಪಿಗೆ ಸುಮಾರು 220 ಕಿ.ಮೀ., ನಿಲ್ಲಿಸಿಕೊಂಡು ಹೋದರೆ ಆರು ಗಂಟೆ ಹಿಡಿಯಿರಿ. ಜನವರಿಯಲ್ಲಿ ಬೆಳಿಗ್ಗೆ ಏಳರ ತನಕ ಸಕಲೇಶಪುರದ ಕಡೆ ಮಂಜು ಇರುತ್ತದೆ, ಹಾಗಾಗಿ ನಾಲ್ಕಕ್ಕೇ ಎದ್ದು ಹೊರಟರೆ ಲಾಭವಿಲ್ಲ. ಆರೂವರೆಗೆ ಹಾಸನ ಬಿಡಿ, ಎಂಟರ ಹೊತ್ತಿಗೆ ಘಾಟಿ ಇಳಿಯಲು ಶುರು ಮಾಡಿ. ಕತ್ತಲಲ್ಲಿ ಈ ಘಾಟಿ ಬೇಡವೇ ಬೇಡ. ಮಂಗಳೂರು ಬಂದರಿನ ಕಡೆಯ ಲಾರಿ, ಗ್ಯಾಸ್ ಟ್ಯಾಂಕರ್‌ಗಳ ಸಾಲು ನಿಲ್ಲದೆ ಹರಿಯುತ್ತದೆ, ಒಂದು ಕೆಟ್ಟು ನಿಂತರೆ ಎಲ್ಲವೂ ನಿಂತಂತೆ. ಇಳಿಯುವಾಗ ಎರಡನೇ ಗೇರ್, ತೀರಾ ಅಗತ್ಯವಿದ್ದಾಗ ಮಾತ್ರ ಬ್ರೇಕ್. ಕಾಲು ಬ್ರೇಕ್ ಮೇಲೇ ಇಟ್ಟರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ವಾಸನೆ ಬಂದರೆ ಜಾಗ ನೋಡಿ ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ, ಚಕ್ರಕ್ಕೆ ನೀರು ಹುಯ್ಯಬೇಡಿ. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸುವ ಬುದ್ಧಿವಂತಿಕೆ ಘಾಟಿಯಲ್ಲಿ ಬೇಡ.

ಇದನ್ನೇ ಮಳೆಗಾಲದಲ್ಲಿ ಕೇಳಿದ್ದರೆ ಉತ್ತರ ಬೇರೆ. 2024ರ ಜುಲೈನಲ್ಲಿ ದೋಣಿಗಾಲ್ ಬಳಿ ಗುಡ್ಡ ಕುಸಿದು ಶಿರಾಡಿ ಪದೇ ಪದೇ ಬಂದ್ ಆಗಿತ್ತು, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಗೂ ಅದೇ ಗತಿಯಾಗಿತ್ತು. ಜನವರಿಯಲ್ಲಿ ಆ ಭಯವಿಲ್ಲ. ಶಿರಾಡಿಯಲ್ಲಿ ಲಾರಿ ಮಗುಚಿ ರಸ್ತೆ ಕಟ್ಟಿದ ಸುದ್ದಿ ಬೆಳಿಗ್ಗೆ ಬಂದರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಉಜಿರೆ, ಗುರುವಾಯನಕೆರೆ, ನಾರಾವಿ, ಕಾರ್ಕಳದ ಮೂಲಕ ಉಡುಪಿ ಸೇರಬಹುದು. ಚಿಕ್ಕಮಗಳೂರಿನವರು ಇದನ್ನು ಓದುತ್ತಿದ್ದರೆ ನಿಮಗೆ ಇದೇ ಮೊದಲ ದಾರಿ. ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಲಾರಿ ಕಾಟ ಕಡಿಮೆ, ತಿರುವು ಮಾತ್ರ ಶಿರಾಡಿಗಿಂತ ಕಡಿದು.

ಬಿ.ಸಿ.ರೋಡ್ ಆದ ಮೇಲೆ ನೇರ ಹೋಗಿ ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಸಿಕ್ಕಿಕೊಳ್ಳುವ ಬದಲು ಪೊಳಲಿ, ಕೈಕಂಬ, ಬಜ್ಪೆ, ಕಟೀಲು, ಕಿನ್ನಿಗೋಳಿ, ಮುಲ್ಕಿ ಹಿಡಿಯಿರಿ. ರಸ್ತೆ ಸಣ್ಣದು, ಆದರೆ ನೆರಳಿನದು. ಕಟೀಲು ದೇವಸ್ಥಾನ ದಾರಿಯಲ್ಲೇ ಸಿಗುತ್ತದೆ, ಮಧ್ಯಾಹ್ನದ ಪ್ರಸಾದದ ಊಟವೂ ಅಲ್ಲೇ ಆಗುತ್ತದೆ, ಹಿರಿಯರಿಗೆ ಸಮಾಧಾನ. ಮುಲ್ಕಿಯಿಂದ ಹೆದ್ದಾರಿ 66. ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡಿರಲಿ: ಹೆಜಮಾಡಿ, ಮುಂದೆ ಮುರುಡೇಶ್ವರಕ್ಕೆ ಹೋದರೆ ಸಾಸ್ತಾನ, ಶಿರೂರು ಟೋಲ್‌ಗಳಿವೆ. ಒಟ್ಟು ಓಡಾಟ ಸುಮಾರು 750 ಕಿ.ಮೀ. ಆಗುತ್ತದೆ. ಲೀಟರಿಗೆ 15 ಕಿ.ಮೀ. ಅಂದರೆ 50 ಲೀಟರ್.

ಉಳಿಯಲು ನನ್ನ ಆಯ್ಕೆ ಕಾಪುವಿನಿಂದ ಮಲ್ಪೆವರೆಗಿನ ಪಟ್ಟಿ. ಮಟ್ಟು, ಪಡುಕೆರೆ ಕಡೆ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ತೋಟ, ಹೋಂಸ್ಟೇಗಳಿವೆ. ಮಲ್ಪೆ ಬಂದರಿನ ಪಕ್ಕದ ರೂಂ ಬೇಡ. ಅಲ್ಲಿ ಮೀನಿನ ವಾಸನೆ ಇದ್ದೇ ಇರುತ್ತದೆ, ಅಭ್ಯಾಸವಿಲ್ಲದ ನಿಮ್ಮ ಅಪ್ಪ-ಅಮ್ಮ ಒಂದು ರಾತ್ರಿ ತಡೆಯುವುದಿಲ್ಲ. ಫೋನಿನಲ್ಲಿ ಕೇಳಬೇಕಾದ್ದು ಇವು. ಕೆಳಮಹಡಿ ರೂಂ ಇದೆಯಾ? ಕಮೋಡ್ ಇದೆಯಾ? ರೂಂ ಮತ್ತು ಮರಳಿನ ನಡುವೆ ರಸ್ತೆ ದಾಟಬೇಕಾ? (ಸಮುದ್ರ ಕಾಣುವುದು ಬೇರೆ, ಸಮುದ್ರಕ್ಕೆ ನಡೆದು ಹೋಗುವುದು ಬೇರೆ. ಫೋಟೋ ನೋಡಿ ಮೋಸ ಹೋಗುವುದು ಇಲ್ಲೇ.) ಹೊರಗೆ ಮರಳು ತೊಳೆಯಲು ನಲ್ಲಿ ಇದೆಯಾ? ಕಡಲ ತೀರದ ಬಾವಿ, ಬೋರ್ ನೀರು ಕೆಲವು ಕಡೆ ಸವಳು, ಕುಡಿಯುವ ನೀರು ಬೇರೆ ಕೊಡುತ್ತಾರಾ? ಎ.ಸಿ. ಬೇಕೇ ಬೇಕು. ಹಾಸನದವರಿಗೆ ಜನವರಿ ಅಂದರೆ ಸ್ವೆಟರ್, ಅಲ್ಲಿ ಮಧ್ಯಾಹ್ನ 32 ಡಿಗ್ರಿ ಮತ್ತು ಬೆವರು.

ಆ ಬೆವರಿಗೇ ದಿನದ ಲೆಕ್ಕ ಹಾಕಬೇಕು. ಬೆಳಿಗ್ಗೆ ಆರೂವರೆಯಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಮಾತ್ರ ಬೀಚ್. ನಡುವೆ ಮರಳು ಕಾಲು ಸುಡುತ್ತದೆ, ಆ ಹೊತ್ತು ಊಟ ಮತ್ತು ನಿದ್ದೆಗೆ. ಜನವರಿ ಮಧ್ಯದಲ್ಲಿ ಸೂರ್ಯ ಮುಳುಗುವುದು 6:20ರ ಸುಮಾರಿಗೆ. ಮೊದಲ ಸಂಜೆ ಕಾಪು ದೀಪಸ್ತಂಭ ಸಾಕು. 1901ರದ್ದು, ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಮಕ್ಕಳು ಹತ್ತಲಿ, ಅಮ್ಮ ಕೆಳಗೇ ಕೂರಲಿ.

ನೀರಿಗಿಳಿಯುವುದಕ್ಕೆ ಪಡುಬಿದ್ರಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚ್ ಅದು. ಈಜಲು ಗುರುತು ಮಾಡಿದ ಜಾಗ, ಲೈಫ್‌ಗಾರ್ಡ್, ಸ್ನಾನಕ್ಕೆ ಶವರ್, ಬಟ್ಟೆ ಬದಲಿಸುವ ಕೋಣೆ ಎಲ್ಲ ಇದೆ. ಪ್ರವೇಶಕ್ಕೆ ದುಡ್ಡು ಕೊಡಬೇಕು, ಕೊಡಿ. ಲೈಫ್‌ಗಾರ್ಡ್ ಇರುವಲ್ಲೂ ಒಂದು ಅಭ್ಯಾಸ ಮಾಡಿಕೊಳ್ಳಿ: ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ದಡದ ಎತ್ತರದ ಜಾಗದಲ್ಲಿ ನಿಂತು ಅಲೆ ನೋಡಿ. ಅಲೆಗಳು ಉದ್ದಕ್ಕೂ ಬಿಳಿ ನೊರೆಯಾಗಿ ಒಡೆಯುತ್ತಿರುತ್ತವೆ, ನಡುವೆ ಒಂದು ಕಡೆ ಐದಾರು ಮಾರು ಅಗಲಕ್ಕೆ ನೊರೆಯೇ ಇರುವುದಿಲ್ಲ, ನೀರು ಸ್ವಲ್ಪ ಕಪ್ಪಗೆ, ಕೆರೆಯಂತೆ ಶಾಂತವಾಗಿ ಕಾಣುತ್ತದೆ. ಕೆಲವೊಮ್ಮೆ ಅದರಲ್ಲಿ ಕಸ, ಮರಳು ಹೊರಮುಖವಾಗಿ ತೇಲಿ ಹೋಗುವುದೂ ಕಾಣುತ್ತದೆ. ಹೊಸಬರು ಮಕ್ಕಳನ್ನು ಇಳಿಸುವುದು ಸರಿಯಾಗಿ ಅಲ್ಲೇ, ಅಲೆ ಇಲ್ಲ ಅಂತ. ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ವಾಪಸ್ ಹೋಗುವ ಓಣಿ ಅದು, ಸೆಳೆತ ಇರುವುದೇ ಅಲ್ಲಿ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಗೆಲ್ಲಲಾಗುವುದಿಲ್ಲ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡಕ್ಕೆ. ಈಜು ಬಾರದವರು ಕೈ ಎತ್ತಿ ಕೂಗಿ ತೇಲಲು ನೋಡಬೇಕು, ಉಳಿದವರು ಸರಪಳಿ ಕಟ್ಟಿಕೊಂಡು ಎಳೆಯಲು ಇಳಿಯಬಾರದು. ಒಬ್ಬರು ಹೋಗುವಲ್ಲಿ ಮೂವರು ಹೋಗುವುದು ಹಾಗೆಯೇ.

ಮಕ್ಕಳಿಗೆ ಮೊಣಕಾಲಿನ ಆಳ, ಒಬ್ಬೊಬ್ಬರಿಗೆ ಒಬ್ಬ ದೊಡ್ಡವರು. ಸೀರೆ, ಪಂಚೆ, ಜೀನ್ಸ್ ಉಟ್ಟು ಅಲೆಗೆ ನಿಲ್ಲಬೇಡಿ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲಿನ ನೀರಲ್ಲೂ ಏಳಲಾಗುವುದಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಆ ದಿನಗಳಲ್ಲಿ ಬ್ಯಾಗು, ಚಪ್ಪಲಿ ಒದ್ದೆ ಮರಳಿನ ಗೆರೆಗಿಂತ ಬಹಳ ಮೇಲಿಡಿ.

ಎರಡನೇ ದಿನ ಬೆಳಿಗ್ಗೆ ಸೇಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ಬೋಟ್, ಬೋಟ್ ತುಂಬುವ ತನಕ ಕಾಯಬೇಕು. ಮೊದಲ ಬೋಟಿಗೇ ಹೋಗಿ. ಬೆಳಿಗ್ಗೆ ಕಡಲು ಶಾಂತ, ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಬೋಟ್ ಕುಣಿಯುತ್ತದೆ. ದ್ವೀಪದಲ್ಲಿ ನೆರಳು ಕಡಿಮೆ, ಕಾಲಡಿ ಚೂಪು ಚಿಪ್ಪು, ಆದ್ದರಿಂದ ಪಟ್ಟಿ ಇರುವ ಸ್ಯಾಂಡಲ್ ಬೇಕು. ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಕಂಬಗಳಾದ ಕಲ್ಲುಗಳನ್ನು ಹತ್ತು ವರ್ಷದವನಿಗೆ ತೋರಿಸಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಬೋಟ್ ಹತ್ತಿ ಇಳಿಯುವುದು ಮಂಡಿನೋವಿಗೆ ಆಗದು, ಆ ಹೊತ್ತು ಅಪ್ಪ-ಅಮ್ಮ ಕೃಷ್ಣಮಠಕ್ಕೆ ಹೋಗಿ ಪ್ರಸಾದದ ಊಟ ಮುಗಿಸಲಿ.

ಊಟದ ಬಗ್ಗೆ ಎರಡೇ ಮಾತು. ಮೀನಿನ ಹೋಟೆಲಿನಲ್ಲಿ ಅಂಜಲ್, ಕಾಣೆ, ಸಿಗಡಿಗೆ ಗಾತ್ರದ ಮೇಲೆ ರೇಟು, ಆರ್ಡರ್‌ಗೆ ಮುಂಚೆ ಕೇಳಿ. ಅನ್ನ ಅಂದರೆ ಕುಚ್ಚಲಕ್ಕಿ ಬರುತ್ತದೆ, ನಮ್ಮ ಕಡೆಯ ಬಿಳಿ ಅನ್ನ ಬೇಕಿದ್ದರೆ ಬೆಳ್ತಿಗೆ ಅನ್ನ ಅಂತ ಹೇಳಿ. ರಾಗಿಮುದ್ದೆ ಹುಡುಕಬೇಡಿ.

ಮೂರನೇ ದಿನ ಮುರುಡೇಶ್ವರ, ಉಡುಪಿಯಿಂದ ಸುಮಾರು 100 ಕಿ.ಮೀ. ಏಳಕ್ಕೆ ಹೊರಟರೆ ಬಿಸಿಲೇರುವ ಮುಂಚೆ ದರ್ಶನ, 123 ಅಡಿಯ ಶಿವ, 237 ಅಡಿಯ ಗೋಪುರ ಆಗುತ್ತದೆ. ಗೋಪುರಕ್ಕೆ ಲಿಫ್ಟ್ ಇದೆ, ಅಮ್ಮನೂ ಮೇಲಿಂದ ಸಮುದ್ರ ನೋಡಬಹುದು. ಅಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿದ್ದು ಅದೇ ತೀರದಲ್ಲಿ. ವಾಪಸ್ ಬರುತ್ತಾ ಸಂಜೆ ಐದೂವರೆಗೆ ಮರವಂತೆಯಲ್ಲಿರಿ, ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅದೂ ನೋಡುವ ಜಾಗ, ಈಜುವ ಜಾಗವಲ್ಲ. ಮುರುಡೇಶ್ವರದವರೆಗೆ ಕೂತು ಹೋಗಲು ಹಿರಿಯರಿಗೆ ಬೇಸರವಾದರೆ ಮರವಂತೆಯವರೆಗೆ ಮಾತ್ರ ಹೋಗಿ ಬನ್ನಿ, ಕಳೆದುಕೊಳ್ಳುವುದು ಏನೂ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ರೂಂ ಬಿಟ್ಟರೆ ಮೂರರೊಳಗೆ ಘಾಟಿ ಹತ್ತಿ ಮುಗಿದಿರುತ್ತದೆ. ಕಾರನ್ನು ಒಣ ಮರಳಿಗೆ ಇಳಿಸಬೇಡಿ, ಹೂತ ಚಕ್ರ ಎತ್ತಲು ಟ್ರ್ಯಾಕ್ಟರೇ ಬರಬೇಕಾಗುತ್ತದೆ. ಮನೆಗೆ ಬಂದ ಮಾರನೇ ದಿನವೇ ವಾಟರ್ ಸರ್ವೀಸ್ ಮಾಡಿಸಿ, ಅಡಿಭಾಗ, ಚಕ್ರದ ಒಳಗೋಡೆ ಬಿಡದೆ ತೊಳೆಯಲು ಹೇಳಿ. ಉಪ್ಪಿನ ಗಾಳಿ ತುಕ್ಕು ಹಿಡಿಸುವುದು ಕಣ್ಣಿಗೆ ಕಾಣದ ಆ ಜಾಗದಿಂದಲೇ.