ಅಳುವ ಮಾಣಿಯ ವಿಡಿಯೋ ಯಾರದ್ದು?

ಸಂಪಾದಕರ ಉತ್ತರ

ಮೆಲ್ಬರ್ನ್‌ನಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ತವರು ಸಿರ್ಸಿ ಸೀಮೆಯ ಒಂದು ಹಳ್ಳಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ ಸಾರವನ್ನಷ್ಟೇ ಕೊಡುತ್ತೇನೆ.

ಮದುವೆಯಾಗಿ ಅಲ್ಲಿಗೆ ಹೋದವರು. ಮಗ ಹುಟ್ಟಿದ್ದೂ ಅಲ್ಲೇ. ಬಾಣಂತನಕ್ಕೆ ಬಂದಿದ್ದ ಆಯಿ ವೀಸಾ ಮುಗಿದು ಊರಿಗೆ ಮರಳಿದ ಮೇಲೆ ದಿನವಿಡೀ ಮಾತಿಗೆ ಜನವಿಲ್ಲ. ಜುಲೈ ತಿಂಗಳು, ಅಲ್ಲಿ ಚಳಿಗಾಲ. ಹೊರಗೆ ಒಣಗದ ಮಗುವಿನ ಬಟ್ಟೆಗಳನ್ನು ಹೀಟರ್ ಮುಂದೆ ಹರವಿ, ಫೋಟೋ ತೆಗೆದು, "ಊರಲ್ಲಾದರೆ ಬಚ್ಚಲೊಲೆಯ ಮೇಲಿನ ಹಗ್ಗ, ಇಲ್ಲಿ ಇದು" ಎಂದು ಬರೆದು ಫೇಸ್‌ಬುಕ್ಕಿಗೆ ಹಾಕಿದರಂತೆ. ಹೊನ್ನಾವರದವರೊಬ್ಬರು, ಕುಮಟೆಯಿಂದ ಕತಾರಿಗೆ ಹೋದವರೊಬ್ಬರು, ಮತ್ತ್ಯಾರೋ "ನಮ್ಮನೇಲೂ ಹೀಂಗೇ" ಎಂದರಂತೆ. ಅಲ್ಲಿಂದ ಅದು ರೂಢಿಯಾಯಿತು. ಮಗನ ಮೊದಲ ಹೆಜ್ಜೆ, ಶಾಲೆಯ ಡಬ್ಬಿ, ಅವನ ತಪ್ಪು ತಪ್ಪು ಕನ್ನಡ, ಜ್ವರ, ಹಟ.

ಈಗ ಮಗನಿಗೆ ಹನ್ನೆರಡು, ಈ ವರ್ಷ ಹೈಸ್ಕೂಲಿಗೆ ಸೇರಿದ್ದಾನೆ. ಕೆಲವು ವರ್ಷದ ಹಿಂದೆ ಅಲ್ಲಿನ ಏಪ್ರಿಲ್ ರಜೆಯಲ್ಲಿ ಊರಿಗೆ ಬಂದು ಉಪನಯನ ಮಾಡಿದ್ದರು. ತಲೆ ಬೋಳಿಸುವಾಗ ಮಾಣಿ ಕಿರುಚಿ ಅತ್ತದ್ದನ್ನು ಇವರು ವಿಡಿಯೋ ಮಾಡಿ ಹಾಕಿದ್ದರು. ಅದು ಮೊನ್ನೆ ಒಬ್ಬ ಸಹಪಾಠಿಯ ಅಕ್ಕನ ಫೋನಿನಲ್ಲಿ ಸಿಕ್ಕಿ ತರಗತಿಗೆಲ್ಲ ನಗುವಿನ ವಸ್ತುವಾಯಿತು. ಮಗ ಮನೆಗೆ ಬಂದು "ನನ್ನದೆಲ್ಲಾ ಅಳಿಸು" ಎಂದವನು ಅಮ್ಮನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಇದರ ನಡುವೆ ಇವರು ತಾವೇ ಅತ್ತದ್ದನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದ್ದರು. ಊರಿನ ಮದುವೆಮನೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ಯಾರೋ ಆಯಿಯನ್ನು ಕೇಳಿದ್ದಾರೆ: "ನಿಮ್ಮನೆ ಕೂಸು ಎಂತಕ್ಕೆ ಅಳ್ತಾ ಇತ್ತು? ಸ್ಟೇಟಸ್ಸಲ್ಲಿ ನೋಡಿದೆ." ಆಯಿಗೆ ವಿಷಯವೇ ಗೊತ್ತಿಲ್ಲ. ಅತ್ತೆ ದೃಷ್ಟಿ ತಾಗುತ್ತದೆ ಎಂದು ಮೊದಲಿನಿಂದ ಹೇಳುತ್ತ ಬಂದವರು. ಗಂಡ "ಇದೆಲ್ಲ ಬೇಕಿತ್ತಾ" ಎಂದು ಕೇಳಿ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಾರೆ.

ಕೊನೆಯ ಸಾಲು ಇದು: "ಅಕ್ಕಾ, ಎಲ್ಲ ಅಳಿಸಿ ಸುಮ್ಮನಾಗಬೇಕಾ? ಸುಮ್ಮನಾದರೆ ನನ್ನ ದಿನದಲ್ಲಿ ಉಳಿಯುವುದೇನು?"

ತಂಗೀ,

ಮೊದಲು ಮಗನ ಕೆಲಸ ಮುಗಿಸಿ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಆ ವಿಡಿಯೋ ತೆಗೆಯಿರಿ. "ದೊಡ್ಡವನಾದ ಮೇಲೆ ನೀನೇ ನೋಡಿ ನಗ್ತೆ" ಎಂಬ ಮಾತು ಬೇಡ. ನಗಬಹುದು, ನಗದೆಯೂ ಇರಬಹುದು. ಈಗ ಕೇಳುತ್ತಿರುವವನಿಗೆ ಹನ್ನೆರಡು ವರ್ಷ, ಉತ್ತರ ಅವನಿಗೆ ಸಲ್ಲಬೇಕು.

ಅವನು ಅತ್ತದ್ದನ್ನು ಅಂದು ನೋಡಿ ನಕ್ಕವರು ಕಡಿಮೆಯೇನಿರಲಿಲ್ಲ. ನಮ್ಮ ಕಡೆಯ ಉಪನಯನದ ಮನೆಗಳಲ್ಲಿ ಮಾಣಿ ಕ್ಷೌರಿಕನ ಮುಂದೆ ಕೂತು ಕೂಗುವುದು, ಸುತ್ತ ನಿಂತ ಮಾವಂದಿರು, ಚಿಕ್ಕಮ್ಮಂದಿರು ನಗುವುದು ಹೊಸತಲ್ಲ. ಆದರೆ ಅವರೇ ಅವನನ್ನು ಎತ್ತಿಕೊಂಡು ಹೋದರು. ಅದೇ ದಿನ ಮಾತೃಭೋಜನದಲ್ಲಿ ನೀವು ತುತ್ತು ಕೊಟ್ಟಿರಿ, ಭಿಕ್ಷೆಗೆ ಬಟ್ಟಲು ಹಿಡಿದು ನಿಂತವನಿಗೆ ಅಜ್ಜಿಯರು ಅಕ್ಕಿಯ ಜೊತೆ ನೋಟು ಹಾಕಿದರು, ಸಂಜೆ ಉಡುಗೊರೆ ಬಿಚ್ಚುವ ಗದ್ದಲದಲ್ಲಿ ಬೋಳುತಲೆ ಅವನಿಗೇ ಮರೆತುಹೋಗಿರಬೇಕು. ನಿಮ್ಮ ವಿಡಿಯೋದಲ್ಲಿ ಇದ್ಯಾವುದೂ ಇಲ್ಲ. ಉಪನಯನವೆಂದರೇನೆಂದು ಗೊತ್ತಿಲ್ಲದ ಮೆಲ್ಬರ್ನ್‌ ಮಕ್ಕಳಿಗೆ ಕಂಡದ್ದು ಕತ್ತಿ ಹಿಡಿದ ಒಬ್ಬ ದೊಡ್ಡ ಮನುಷ್ಯ, ಕಿರುಚುತ್ತಿರುವ ಒಬ್ಬ ಹುಡುಗ, ಕ್ಯಾಮೆರಾ ಹಿಂದೆ ನಗುತ್ತಿರುವ ಹೆಂಗಸರು. ಆ ನಗುವಿನಲ್ಲಿ ನಿಮ್ಮ ದನಿಯೂ ಇತ್ತೆಂದು ನೀವೇ ಬರೆದಿದ್ದೀರಿ. ಅವನ ಸಿಟ್ಟಿನ ಅರ್ಧ ಭಾಗ ಅಲ್ಲಿದೆ ಎಂದು ನನ್ನ ಊಹೆ.

ಅಳಿಸುವುದು ಒಂದೇ ಒತ್ತಿನ ಕೆಲಸ ಅಂದುಕೊಳ್ಳಬೇಡಿ. ನಿಮ್ಮ ಖಾತೆಯಿಂದ ತೆಗೆದರೆ ಅಲ್ಲಿಂದ ಹೋಗುತ್ತದೆ, ಇಳಿಸಿಕೊಂಡವರ ಫೋನಿನಿಂದ ಹೋಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಅಳಿಯುವಂತೆ ಮಾಡಲು ಕಳಿಸಿದ ಮೇಲೆ ಸುಮಾರು ಎರಡೂವರೆ ದಿನದ ಅವಕಾಶ ಮಾತ್ರ. ವರ್ಷಗಳ ಹಿಂದೆ ಕುಟುಂಬದ ಗುಂಪಿಗೆ ಹಾಕಿದ್ದು ಅಲ್ಲಿ ಇದ್ದ ಹಾಗೇ ಇದೆ. ಹಾಗಾಗಿ ಗುಂಪಿನಲ್ಲಿ ಒಂದು ಸಾಲು ಬರೆಯಿರಿ: "ಮಾಣಿಯ ಆ ವಿಡಿಯೋ ಯಾರ ಹತ್ತಿರ ಇದ್ದರೂ ಅಳಿಸಿ, ಅವನೇ ಕೇಳಿಕೊಂಡಿದ್ದಾನೆ." ಅವನೇ ಕೇಳಿದ್ದು ಎಂಬುದನ್ನು ಬಿಡಬೇಡಿ. ಯಾವನೋ ದೊಡ್ಡಪ್ಪ ನಗುವ ಮುಖದ ಚಿತ್ರ ಹಾಕಿ ಕುಶಾಲು ಮಾಡುತ್ತಾನೆ. ಮಾಡಲಿ. ಮಗನಿಗೆ ತೋರಿಸಬೇಕಾದದ್ದು ನೀವು ಕೇಳಿದ್ದೀರಿ ಎಂಬುದನ್ನು.

ಒಂದು ಪ್ರತಿಯನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿ ಅವನ ಕೈಗೇ ಕೊಡಿ. ಇಟ್ಟುಕೊಳ್ಳುವುದು ಎಸೆಯುವುದು ಅವನಿಗೆ ಬಿಟ್ಟದ್ದು. ಇನ್‌ಸ್ಟಾಗ್ರಾಂನಲ್ಲಿರುವ ಉಳಿದವನ್ನು ಒಟ್ಟಿಗೆ ಅಳಿಸಲು ನಿಮ್ಮ ಕೈ ಬಾರದಿದ್ದರೆ ಆರ್ಕೈವ್‌ಗೆ ಸರಿಸಿ. ನಿಮಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಆಮೇಲೆ ಒಂದು ಭಾನುವಾರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ನೋಡಿ. ಯಾವುದು ಇರಲಿ ಅನ್ನುತ್ತಾನೋ ಅದು ಇರಲಿ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರಲಿ ಅನ್ನಬಹುದು, ಮಕ್ಕಳು ಹಾಗೆಯೇ.

ನೀವಿರುವ ದೇಶದ ಒಂದು ವಿಚಿತ್ರ ನೋಡಿ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ತುಂಬದವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಮುಂತಾದ ಕಡೆ ಖಾತೆ ಇಟ್ಟುಕೊಳ್ಳುವಂತಿಲ್ಲ. ತಡೆಯುವ ಹೊಣೆ ಕಂಪನಿಗಳದ್ದು, ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಅಂದರೆ ನಿಮ್ಮ ಮಗ ಇನ್ನು ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಒಂದು ಫೋಟೋ ಹಾಕುವಂತಿಲ್ಲ. ಅವನ ಹಾಲುಹಲ್ಲು ಬಿದ್ದದ್ದರಿಂದ ಹಿಡಿದು ಹಾಸಿಗೆ ಒದ್ದೆ ಮಾಡಿದ್ದರವರೆಗೆ ಎಲ್ಲವೂ ಅದೇ ಜಾಗದಲ್ಲಿ ನಿಮ್ಮ ಹೆಸರಿನಲ್ಲಿದೆ. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಬಳಕೆಗೆ ಮಾಡಿಕೊಳ್ಳುವುದಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೆತ್ತವರೇ ಹಾಕಿದರೆ ಏನು ಎಂಬ ಪ್ರಶ್ನೆಯನ್ನು ಫ್ರಾನ್ಸ್ ನೇರವಾಗಿ ಎತ್ತಿಕೊಂಡಿತು. 2024ರ ಫೆಬ್ರವರಿಯಲ್ಲಿ ಬಂದ ಅಲ್ಲಿನ ಕಾನೂನಿನ ಪ್ರಕಾರ ಮಗುವಿನ ಚಿತ್ರದ ಹಕ್ಕನ್ನು ಕಾಯುವುದು ತಂದೆತಾಯಿ ಇಬ್ಬರ ಕರ್ತವ್ಯ, ಮತ್ತು ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಮಗುವನ್ನೂ ಕೇಳಬೇಕು. ಅದು ನನಗೆ ಸರಿ ಕಾಣುತ್ತದೆ. ಈ ಪತ್ರಿಕೆಯಲ್ಲಿ ಮಕ್ಕಳ ಚಿತ್ರ ಹಾಕುವ ಮೊದಲು ನಾವೂ ಹೆತ್ತವರಿಗೆ ಹೇಳುವುದು ಅದನ್ನೇ: ಮಾತು ಬರುವ ಮಗುವಾದರೆ ಅದನ್ನೊಮ್ಮೆ ಕೇಳಿ. "ಅದಕ್ಕೆ ಎಂತ ತೆಳೀತು" ಎಂದು ಫೋನ್ ಇಟ್ಟವರೂ ಇದ್ದಾರೆ.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಅರ್ಧ. ಪತ್ರ ಓದುವಾಗ ನನಗೆ ಹೆಚ್ಚು ತಟ್ಟಿದ್ದು ಅದು.

ಸುಮ್ಮನಾಗಬೇಡಿ. ಸುಮ್ಮನಿರುವ ಹೆಂಗಸರನ್ನು ಊರು ಬೇಕಾದಷ್ಟು ನೋಡಿದೆ.

ಹಿಂದಿನವರು ಮನೆಯ ಸುದ್ದಿ ಹೊರಗೆ ಬಿಡುತ್ತಿರಲಿಲ್ಲ ಎಂದು ನಿಮ್ಮ ಯಜಮಾನರು ಹೇಳಿದ್ದಾರಂತೆ. ಯಾವ ಹಿಂದಿನವರು? ಕರಾವಳಿಯಿಂದ, ಘಟ್ಟದ ಮೇಲಿನಿಂದ ಮುಂಬೈಗೆ ಹೊಟ್ಟೆಪಾಡಿಗೆ ಹೋದವರ ಇನ್‌ಲ್ಯಾಂಡ್ ಲೆಟರ್ ಬಂದಾಗ ಓದು ಬಾರದ ತಾಯಿ ಅದನ್ನು ಜಗಲಿಯಲ್ಲೇ ಯಾರಿಂದಲಾದರೂ ಓದಿಸುತ್ತಿದ್ದಳು. ಸೊಸೆ ಬಸಿರಾದದ್ದು, ಮಗನ ನೌಕರಿ ಹೋದದ್ದು, ಚಾಳಿನಲ್ಲಿ ನೀರಿಗೆ ಜಗಳವಾದದ್ದು ಎಲ್ಲ ಅರ್ಧ ಕೇರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಓದಿ ಹೇಳಿದವನು ಒಂದೆರಡು ಸಾಲು ನುಂಗಿಕೊಂಡು ಓದಿದ್ದೂ ಇರಬಹುದು, ಅಷ್ಟು ವಿವೇಕ ಕೆಲವರಿಗಿತ್ತು. ಹಂಚಿಕೊಳ್ಳುವ ಆಸೆ ಫೋನಿನ ಜೊತೆ ಹುಟ್ಟಿದ್ದಲ್ಲ. ಆದರೆ ಅಂದು ಕೇಳಿಸಿಕೊಂಡವರು ಯಾರೆಂದು ಆ ತಾಯಿಗೆ ಗೊತ್ತಿತ್ತು, ಯಾರಾದರೂ ಆಡಿಕೊಂಡರೆ ಮರುದಿನ ಹೋಗಿ ಕೇಳಬಹುದಿತ್ತು. ನಿಮ್ಮ ವಿಡಿಯೋ ನೋಡಿದ ಆ ಸಹಪಾಠಿಯ ಅಕ್ಕ ಯಾರೆಂದು ನಿಮಗೆ ಗೊತ್ತೇ ಇಲ್ಲ.

ಹಾಗಾಗಿ ನಿಮ್ಮದು ಯಾವುದು ಎಂದು ಆರಿಸಿಕೊಳ್ಳಿ. ಪತ್ರದ ನಾಲ್ಕನೇ ಪುಟದಲ್ಲಿ, ಮಗನ ವಿಷಯ ಎಲ್ಲೂ ಬಾರದ ಜಾಗದಲ್ಲಿ, ವಿಮಾನ ನಿಲ್ದಾಣದ ಪ್ರಸಂಗ ಬರೆದಿದ್ದೀರಿ. ಆಸ್ಟ್ರೇಲಿಯಾಕ್ಕೆ ಇಳಿಯುವವರು ತಂದ ತಿನಿಸನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಬೇಕು. ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿಯ ಡಬ್ಬಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ನೀವು ಒಂದೊಂದೇ ಪದರ ಬಿಚ್ಚುತ್ತಿದ್ದರೆ, ಕೈಗವಸು ಹಾಕಿದ ಅಧಿಕಾರಿ ಒಳಗೆ ಬಗ್ಗಿ ನೋಡಿ, ಇಷ್ಟು ಎಳೆಯ ಮಾವನ್ನು ಕೊಯ್ದದ್ದು ಯಾಕೆ, ಹಣ್ಣಾಗಲು ಬಿಡಬಾರದಿತ್ತೇ ಎಂದು ಕೇಳಿದ್ದು. ಹೊಳೆದಂಡೆಯ ಮರ, ಸೊನೆಯ ಪರಿಮಳ, ತೊಟ್ಟು ಮುರಿಯದೆ ಕೊಯ್ಯಬೇಕಾದ ಕಷ್ಟ ಇವನ್ನೆಲ್ಲ ನೀವು ಹರುಕು ಇಂಗ್ಲಿಷಿನಲ್ಲಿ ಹೇಳಹೊರಟದ್ದು, ಹಿಂದಿನ ಸರತಿಯವರು ಗೊಣಗಿದ್ದು. ಇದಕ್ಕೆ ಮಗನ ಮುಖ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲು ಹಾಕಿದ ಹೀಟರಿನ ಫೋಟೋದಲ್ಲೂ ಮಗು ಇರಲಿಲ್ಲ, ಬರೀ ಬಟ್ಟೆಯಿತ್ತು. ಜನ ನಿಮ್ಮನ್ನು ಮಾತಾಡಿಸಿದ್ದು ಅದಕ್ಕೇ.

ಮಗನ ಬಗ್ಗೆ ಬರೆಯಲೇಬಾರದೆಂದು ನಾನು ಹೇಳಲಾರೆ. ತಾಯಿಯ ದಿನದಿಂದ ಮಗುವನ್ನು ಕಿತ್ತು ಬೇರೆ ಇಡುವುದು ಆಗದ ಮಾತು. ಆದರೆ ಶಾಲೆಯ ಸಮವಸ್ತ್ರ, ಶಾಲೆ ಬಿಡುವ ಹೊತ್ತು, ಕಾಯಿಲೆ, ಅಂಕ, ಬೈಗುಳ ಮತ್ತು ಅಳು ಹೊರಗೆ ಹೋಗದಿರಲಿ.

ನೀವು ಅತ್ತ ಸ್ಟೇಟಸ್ಸಿನ ವಿಷಯ ಬೇರೆ. ಆ ಅಳು ನಿಮ್ಮದೇ, ಹಾಕಲು ನಿಮಗೆ ಹಕ್ಕಿದೆ. ತಪ್ಪಿದ್ದು ಸರದಿ. ಆಯಿಗೆ ಅದು ಊಟದ ಪಂಕ್ತಿಯಲ್ಲಿ, ಪರರ ಬಾಯಿಂದ, ಬಡಿಸುವವರು ಹೋಳಿಗೆಗೆ ತುಪ್ಪ ಹಾಕುತ್ತಿರುವಾಗ ಗೊತ್ತಾಗಬಾರದಿತ್ತು. ಆಯಿಗೆ ಸ್ಮಾರ್ಟ್‌ಫೋನ್ ಇದೆ, ಸ್ಟೇಟಸ್ ನೋಡಲು ಬರುವುದಿಲ್ಲ ಎಂದಿದ್ದೀರಿ. ಬಂದರೂ ನಿಮ್ಮ ಊರಿನ ಕಥೆ ನನಗೆ ಗೊತ್ತು: ಮಳೆಗಾಲದಲ್ಲಿ ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ, ವಿಡಿಯೋ ಎಂಬುದು ಸುತ್ತುವ ಚಕ್ರವಾಗಿ ನಿಲ್ಲುತ್ತದೆ. ದನಿಯ ಸಂದೇಶ ಕಳಿಸಿ. ಸಣ್ಣ ಕಡತ, ಸಿಗ್ನಲ್ಲಿನ ಒಂದು ಎಳೆ ಸಿಕ್ಕರೂ ಇಳಿಯುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಆಯಿ ರಾತ್ರಿ ಎಂಟಕ್ಕೆ ಮೆಟ್ಟುಗತ್ತಿಯ ಮುಂದೆ ಕೂರುವಾಗ ಮೆಲ್ಬರ್ನ್‌ನಲ್ಲಿ ನಡುರಾತ್ರಿ ಒಂದೂವರೆ. ಅಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವುದರಿಂದ ಅಂತರ ಐದೂವರೆ ತಾಸಿಗೆ ಏರಿರುತ್ತದೆ. ನೀವು ಮಲಗುವ ಮುಂಚೆ ಮಾತಾಡಿ ಕಳಿಸಿದ್ದನ್ನು ಅವರು ಕೈ ನಿಲ್ಲಿಸದೆ ಕೇಳಬಹುದು. ಪಕ್ಕದಲ್ಲಿ ಸುಲಿಯುವ ನಾಲ್ಕು ಜನರೂ ಕೇಳಿಸಿಕೊಳ್ಳುತ್ತಾರೆ, ಅದಕ್ಕೇನೂ ಮಾಡಲಾಗದು.

ಅತ್ತೆಯವರ ದೃಷ್ಟಿಯ ಮಾತನ್ನು ನಾನು ನಂಬುವವಳಲ್ಲ. ಆದರೆ ಮಗುವನ್ನು ಎಲ್ಲರ ಕಣ್ಣಿಗೆ ಬೀಳಿಸಬಾರದು ಎಂಬ ಅವರ ಹಿಂಜರಿಕೆಯನ್ನು ಮೂಢನಂಬಿಕೆಯ ಲೆಕ್ಕಕ್ಕೆ ಹಾಕಿ ನಗಬೇಡಿ. ಈ ಸಲ ಮೊಮ್ಮಗನ ಪಕ್ಷ ಹಿಡಿದವರು ಅವರೊಬ್ಬರೇ. ಯಜಮಾನರ ವಿಷಯಕ್ಕೆ ನಾನು ಹೋಗುವುದಿಲ್ಲ, ಬಟ್ಟೆ ಹರವಿದ ಆ ಚಳಿಗಾಲದಲ್ಲಿ ಅವರು ಎಲ್ಲಿದ್ದರೆಂದು ಕೇಳಬೇಕೆನಿಸುತ್ತದೆ, ಅಷ್ಟೇ.

ಮದುವೆಮನೆಯಲ್ಲಿ ಆಯಿಯನ್ನು ಕೇಳಿದವರಿಗೆ ಉತ್ತರ ಕೊಡಬೇಕೇ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಸ್ಟೇಟಸ್ಸನ್ನು ಯಾರು ಯಾರು ನೋಡಬೇಕೆಂದು ಆರಿಸುವ ಅವಕಾಶ ವಾಟ್ಸ್‌ಆ್ಯಪ್‌ನ ಗೋಪ್ಯತೆಯ ಪುಟದಲ್ಲಿದೆ. ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ, ಅವರಿಗೆ ಗೊತ್ತೂ ಆಗುವುದಿಲ್ಲ.

ಅಪ್ಪೆಮಿಡಿಯ ಪ್ರಸಂಗವನ್ನು ನಮ್ಮ ದೀಪಾವಳಿ ಸಂಚಿಕೆಗೆ ಬರೆದು ಕಳಿಸಿ. ಎಂಟುನೂರು ಪದದೊಳಗಿರಲಿ, ಡಬ್ಬಿಯದ್ದೇ ಒಂದು ಫೋಟೋ ಇದ್ದರೆ ಸಾಕು. ಮಗ ಅದರಲ್ಲಿ ಬರುವುದಿದ್ದರೆ ಅವನಿಗೆ ಓದಿ ಹೇಳಿ, ಬೇಡವೆಂದ ಸಾಲು ಹೊಡೆದುಹಾಕಿ ಕಳಿಸಿ. ಗೌರವಧನ ಕೊಡುತ್ತೇವೆ, ಅದನ್ನು ಡಾಲರಿಗೆ ಲೆಕ್ಕ ಹಾಕಲು ಹೋಗಬೇಡಿ, ಊರಿನ ಆಯಿಯ ಖಾತೆಗೇ ಹಾಕಿಬಿಡುತ್ತೇವೆ.